ನೌಕರಿಯ ತಕರಾರಿಗೆ ಯಾವ ಬಾಗಿಲು?

ವಿಶ್ವವಿದ್ಯಾನಿಲಯದ ನೌಕರರು ಎಂದ ಕೂಡಲೇ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವವರು ಪಾಠ ಹೇಳುವ ಅಧ್ಯಾಪಕರು, ಪರೀಕ್ಷಾ ಶುಲ್ಕ ಕಟ್ಟಿಸಿಕೊಳ್ಳುವ ಗುಮಾಸ್ತರು, ಗ್ರಂಥಾಲಯದ ಸಹಾಯಕರು, ಹಾಸ್ಟೆಲ್ಲಿನ ಅಡುಗೆಯವರು. ಇವರಿಗೂ ಮೆಮೊ ಬರುತ್ತದೆ, ಬಡ್ತಿ ತಪ್ಪುತ್ತದೆ, ಅಮಾನತ್ತಿನ ಆದೇಶ ಕೈಗೆ ಸಿಗುತ್ತದೆ, ಹತ್ತು ವರ್ಷ ದುಡಿದ ಮೇಲೂ 'ನಾಳೆಯಿಂದ ಬರಬೇಡಿ' ಎಂಬ ಮಾತು ಕೇಳಬೇಕಾಗುತ್ತದೆ. ಇಂಥ ಪ್ರಸಂಗಗಳಲ್ಲಿ ಏನು ಮಾಡಬೇಕೆಂಬುದು ಬಹುಪಾಲು ನೌಕರರಿಗೆ ಸ್ಪಷ್ಟವಾಗಿ ತಿಳಿದಿರುವುದಿಲ್ಲ. ಇಂದು ಪದವಿ ಓದುತ್ತಿರುವ ನಿಮ್ಮಲ್ಲಿ ಹಲವರು ನಾಳೆ ಇದೇ ಕುರ್ಚಿಗಳಲ್ಲಿ ಕೂರುವವರಾದ್ದರಿಂದ ವಿಷಯವನ್ನು ಈಗಲೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಒಂದು ಕೂಡು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹಿರಿಯಣ್ಣ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದಲ್ಲಿ ಖಾಯಂ ಸಹಾಯಕ. ಅತ್ತಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅಧ್ಯಾಪಕಿ. ತಂಗಿ ಒಂದು ಖಾಸಗಿ ಅನುದಾನಿತ ಕಾಲೇಜಿನಲ್ಲಿ ಉಪನ್ಯಾಸಕಿ. ಕೊನೆಯ ತಮ್ಮ ವಿಶ್ವವಿದ್ಯಾನಿಲಯದ ಹಾಸ್ಟೆಲ್ಲಿನಲ್ಲೇ ಕೆಲಸ ಮಾಡುತ್ತಾನೆ, ಆದರೆ ಅವನಿಗೆ ಸಂಬಳ ಕೊಡುವವನು ಹೊರಗುತ್ತಿಗೆಯ ಏಜೆನ್ಸಿಯವನು. ನಾಲ್ವರೂ ಬೆಳಿಗ್ಗೆ ಒಂದೇ ಹೊಸಿಲು ದಾಟಿ ಕೆಲಸಕ್ಕೆ ಹೋಗುತ್ತಾರೆ. ಕೇಳಿದವರಿಗೆ ನಾಲ್ವರೂ 'ಯೂನಿವರ್ಸಿಟಿ ಕಡೆ ಕೆಲಸ' ಎಂದೇ ಹೇಳುತ್ತಾರೆ. ಆದರೆ ಒಂದೇ ದಿನ ನಾಲ್ವರಿಗೂ ಕೆಲಸದಿಂದ ತೆಗೆದ ಪತ್ರ ಬಂತೆಂದುಕೊಳ್ಳಿ. ಆಗ ನಾಲ್ವರೂ ಹೋಗಬೇಕಾದ ದಾರಿ ಬೇರೆ ಬೇರೆ.

ಅತ್ತಿಗೆಯವರು ರಾಜ್ಯ ಸರ್ಕಾರದ ನೌಕರರು. ಸಂವಿಧಾನದ 311ನೆಯ ವಿಧಿಯ ರಕ್ಷಣೆ ಅವರಿಗುಂಟು. ವಿಚಾರಣೆ ನಡೆಸಿ, ಹೇಳಿಕೊಳ್ಳಲು ಅವಕಾಶ ಕೊಡದೆ ಅವರನ್ನು ವಜಾ ಮಾಡುವಂತಿಲ್ಲ. ತಕರಾರಿದ್ದರೆ ಮೊದಲು ಇಲಾಖೆಯೊಳಗಿನ ಮೇಲ್ಮನವಿ, ಬಳಿಕ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. 1985ರ ಕೇಂದ್ರ ಕಾಯಿದೆಯಂತೆ ಸ್ಥಾಪಿತವಾದ ಈ ಮಂಡಳಿಗೆ ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮಂಡಳಿಯ ತೀರ್ಪು ಸರಿಬರದಿದ್ದರೆ ಹೈಕೋರ್ಟಿಗೆ ಹೋಗಬಹುದೆಂದು 1997ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ತಂಗಿಯ ದಾರಿ ಹತ್ತಿರದ್ದು, ಆದರೆ ಗಡುವು ಚಿಕ್ಕದು. ಖಾಸಗಿ ಶಿಕ್ಷಣ ಸಂಸ್ಥೆಯ ಆಡಳಿತ ಮಂಡಳಿ ನೌಕರರನ್ನು ವಜಾ ಮಾಡಿದರೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಮನವಿ ಸಲ್ಲಿಸಲು ನಮ್ಮ ರಾಜ್ಯದಲ್ಲಿ 1975ರ ಕಾಯಿದೆಯೊಂದು ಅವಕಾಶ ಮಾಡಿಕೊಟ್ಟಿತು. 1983ರ ಶಿಕ್ಷಣ ಕಾಯಿದೆಯಲ್ಲೂ ಇಂಥದೇ ಏರ್ಪಾಡಿದೆ. ಜಿಲ್ಲಾ ನ್ಯಾಯಾಧೀಶರೇ ಈ ನ್ಯಾಯಮಂಡಳಿ. ಹಾಗಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ, ಮೈಸೂರಿನ ನ್ಯಾಯಾಲಯದಲ್ಲೇ ಕೆಲಸವಾಗುತ್ತದೆ. ಆದರೆ ಆದೇಶ ತಲುಪಿದ ಮೂರು ತಿಂಗಳೊಳಗೆ ಮನವಿ ಸಲ್ಲಬೇಕು. 'ಕಾರ್ಯದರ್ಶಿಗಳ ಹತ್ತಿರ ಮಾತಾಡಿ ನೋಡೋಣ, ಹಬ್ಬ ಕಳೆಯಲಿ' ಎಂದು ಕಾಯುತ್ತಾ ಕುಳಿತವರಿಗೆ ಮೂರು ತಿಂಗಳು ಕಳೆದದ್ದೇ ಗೊತ್ತಾಗುವುದಿಲ್ಲ.

ತಮ್ಮನ ಸ್ಥಿತಿ ಎಲ್ಲರಿಗಿಂತ ತೊಡಕಿನದು. ವಿಶ್ವವಿದ್ಯಾನಿಲಯ ಅವನನ್ನು ತನ್ನ ನೌಕರನೆಂದು ಒಪ್ಪುವುದಿಲ್ಲ, ಏಜೆನ್ಸಿಯವನು ಗುತ್ತಿಗೆ ಮುಗಿಯಿತೆನ್ನುತ್ತಾನೆ. ಅವನು ಮೊದಲು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗಳ ಬಳಿಗೆ. ಶಿಕ್ಷಣ ಸಂಸ್ಥೆಯೂ ಕಾರ್ಮಿಕ ಕಾನೂನಿನ ಅರ್ಥದಲ್ಲಿ 'ಉದ್ಯಮ'ವಾಗಬಲ್ಲುದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಹೇಳಿದ್ದು 1978ರಲ್ಲಿ, ನಮ್ಮ ಬೆಂಗಳೂರು ಜಲಮಂಡಳಿಯ ಮೊಕದ್ದಮೆಯಲ್ಲಿ. ಶಿಕ್ಷಕರು ಮಾತ್ರ ಆ ಕಾನೂನಿನ 'ಕಾರ್ಮಿಕ' ಎಂಬ ಪದದೊಳಗೆ ಬರುವುದಿಲ್ಲವೆಂದು 1988ರಲ್ಲಿ ತೀರ್ಮಾನವಾಯಿತು. ಹೀಗಾಗಿ ಅಡುಗೆಯವರಿಗೆ ತೆರೆದ ಬಾಗಿಲು ಅಧ್ಯಾಪಕರಿಗೆ ತೆರೆಯದು. 2025ರ ನವೆಂಬರ್ 21ರಿಂದ ಹಳೆಯ ಕೈಗಾರಿಕಾ ವಿವಾದಗಳ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರಂತೆ ವಿವಾದ ಹುಟ್ಟಿ ಎರಡು ವರ್ಷ ಕಳೆದ ಮೇಲೆ ಸಂಧಾನಾಧಿಕಾರಿಗಳು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ತಮ್ಮನು ಜೋಪಾನ ಮಾಡಬೇಕಾದವು ಹಾಜರಿ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ, ಭವಿಷ್ಯನಿಧಿಯ ಸಂಖ್ಯೆ, ವಿಶ್ವವಿದ್ಯಾನಿಲಯ ಕೊಟ್ಟ ಗುರುತಿನ ಚೀಟಿ. ಕೆಲಸ ಮಾಡಿದ್ದಕ್ಕೆ ಇವೇ ಸಾಕ್ಷಿ.

ಇನ್ನು ಹಿರಿಯಣ್ಣ. ಈ ಲೇಖನದ ನಾಯಕ ಅವರೇ. ಅವರು ಸರ್ಕಾರಿ ನೌಕರರೂ ಅಲ್ಲ, ಖಾಸಗಿ ನೌಕರರೂ ಅಲ್ಲ. ವಿಶ್ವವಿದ್ಯಾನಿಲಯವು ಶಾಸನದಿಂದ ಹುಟ್ಟಿದ ಸ್ವಾಯತ್ತ ಸಂಸ್ಥೆ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಇಂದು ಅದರ ಆಡಳಿತ ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯಿದೆಯಂತೆ. ಅಣ್ಣನ ನೇಮಕ, ಬಡ್ತಿ, ಶಿಸ್ತುಕ್ರಮ ಎಲ್ಲವೂ ಆ ಕಾಯಿದೆ ಮತ್ತು ಅದರಡಿ ರಚಿತವಾದ ಪರಿನಿಯಮಗಳಿಗೆ ಒಳಪಟ್ಟವು. 311ನೆಯ ವಿಧಿ ಅವರಿಗೆ ನೇರವಾಗಿ ಅನ್ವಯಿಸುವುದಿಲ್ಲ, ಆಡಳಿತ ನ್ಯಾಯಮಂಡಳಿಯ ಬಾಗಿಲೂ ಅವರದಲ್ಲ. ಹಾಗೆಂದು ಅವರು ಅನಾಥರಲ್ಲ. ವಿಶ್ವವಿದ್ಯಾನಿಲಯವು ಸಂವಿಧಾನದ ಅರ್ಥದಲ್ಲಿ 'ಪ್ರಭುತ್ವ'ದ ಒಂದು ಅಂಗವಾದ್ದರಿಂದ ಸಮಾನತೆಯ ಹಕ್ಕಿಗೆ ಅದು ಬದ್ಧವಾಗಿರಬೇಕು. ಅಣ್ಣ ಸಂಸ್ಥೆಯೊಳಗಿನ ಮೇಲ್ಮನವಿ ಮುಗಿಸಿ, 226ನೆಯ ವಿಧಿಯಂತೆ ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು.

ಶಾಸನಬದ್ಧ ಸಂಸ್ಥೆಯ ನೌಕರರಿಗೆ ಇಷ್ಟು ಬಲ ಎಲ್ಲಿಂದ ಬಂತೆಂದು ತಿಳಿಯಲು ಉತ್ತರ ಕನ್ನಡದ ಶಿರಸಿಗೆ ಹೋಗಬೇಕು. ಅಲ್ಲಿನ ಪುರಸಭೆ ತನ್ನ ಮಹಿಳಾ ನೌಕರರೊಬ್ಬರನ್ನು ನಿಯಮ ಮೀರಿ ಕೆಲಸದಿಂದ ತೆಗೆದಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 1973ರಲ್ಲಿ ತೀರ್ಮಾನವಾಯಿತು. ಬರೀ ಒಡೆಯ ಮತ್ತು ಆಳಿನ ಒಪ್ಪಂದವಾದರೆ, ತಪ್ಪಾಗಿ ತೆಗೆದದ್ದಕ್ಕೆ ಸಿಗುವುದು ಪರಿಹಾರದ ಹಣ ಮಾತ್ರ, ಕೆಲಸವಲ್ಲ. ಆದರೆ ಶಾಸನವೇ ಹುಟ್ಟಿಸಿದ ಸಂಸ್ಥೆ ಶಾಸನದ ನಿಯಮಗಳನ್ನೇ ಮುರಿದು ನೌಕರರನ್ನು ತೆಗೆದರೆ ಆ ಆದೇಶ ನಿಲ್ಲುವುದಿಲ್ಲ, ನೌಕರರು ಸೇವೆಯಲ್ಲಿ ಮುಂದುವರಿಯಬೇಕಾಗುತ್ತದೆ ಎಂದು ನ್ಯಾಯಾಲಯ ಹೇಳಿತು. ಒಂದು ಸಣ್ಣ ಊರಿನ ನೌಕರರ ಹಟದಿಂದ ದೇಶದ ಎಲ್ಲ ಶಾಸನಬದ್ಧ ಸಂಸ್ಥೆಗಳ ನೌಕರರಿಗೂ ನೆಲೆ ಸಿಕ್ಕಿತು.

ಆದರೆ ಹೈಕೋರ್ಟು ಎಲ್ಲವನ್ನೂ ತಾನೇ ಕುಳಿತು ನೋಡುವುದಿಲ್ಲ. ಈ ಮಿತಿಯನ್ನು ತೋರಿಸಿದ ಪ್ರಸಿದ್ಧ ಮೊಕದ್ದಮೆ ಮೈಸೂರು ವಿಶ್ವವಿದ್ಯಾನಿಲಯದ್ದೇ. 1959ರಲ್ಲಿ ವಿಶ್ವವಿದ್ಯಾನಿಲಯ ಪ್ರಾಧ್ಯಾಪಕ ಮತ್ತು ರೀಡರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಆಗ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅಲ್ಲಿನ ಇಂಗ್ಲಿಷ್ ಸಂಶೋಧನಾ ರೀಡರ್ ಹುದ್ದೆಗೆ ಅಣ್ಣಯ್ಯಗೌಡರ ನೇಮಕವಾಯಿತು. ಸಿ. ಡಿ. ಗೋವಿಂದರಾವ್ ಎಂಬುವರು, ಈ ನೇಮಕಕ್ಕೆ ಬೇಕಾದ ಅರ್ಹತೆ ಇವರಿಗಿಲ್ಲವೆಂದು ಹೈಕೋರ್ಟಿಗೆ ಹೋದರು. ಅರ್ಹತೆಯ ಪಟ್ಟಿಯಲ್ಲಿದ್ದದ್ದು ಪ್ರಥಮ ದರ್ಜೆ ಅಥವಾ ಉನ್ನತ ದ್ವಿತೀಯ ದರ್ಜೆಯ ಸ್ನಾತಕೋತ್ತರ ಪದವಿ, ಇಲ್ಲವೇ ವಿದೇಶಿ ವಿಶ್ವವಿದ್ಯಾನಿಲಯದ ತತ್ಸಮಾನ ಅರ್ಹತೆ. ಇಲ್ಲಿನ ಎಂ. ಎ. ಅಂಕಗಳು ಉನ್ನತ ದ್ವಿತೀಯ ದರ್ಜೆ ಎನ್ನಿಸಿಕೊಳ್ಳುವುದೇ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯದ ಎಂ. ಎ. ಅದಕ್ಕೆ ಸಮವೇ ಎಂಬುದು ವಾದ. ಹೈಕೋರ್ಟು ನೇಮಕವನ್ನು ರದ್ದುಪಡಿಸಿತು. ವಿಶ್ವವಿದ್ಯಾನಿಲಯ ಸುಪ್ರೀಂ ಕೋರ್ಟಿಗೆ ಹೋಯಿತು. 1963ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿ, ವಿದ್ಯಾವಿಷಯಕ ಅರ್ಹತೆಗಳನ್ನು ಅಳೆಯುವುದು ತಜ್ಞರ ಮಂಡಳಿಯ ಕೆಲಸ, ಮಂಡಳಿಯಲ್ಲಿ ದುರುದ್ದೇಶವಿತ್ತೆಂಬ ಆರೋಪವಿಲ್ಲದಿರುವಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಅದರಲ್ಲಿ ಕೈಹಾಕಬಾರದು ಎಂದಿತು.

ಆರು ದಶಕಗಳ ಮೇಲೂ ದೇಶದ ನ್ಯಾಯಾಲಯಗಳು ಈ ತೀರ್ಪನ್ನು ಉಲ್ಲೇಖಿಸುತ್ತಲೇ ಇವೆ. 'ಅವರಿಗಿಂತ ನಾನು ಬುದ್ಧಿವಂತ' ಎಂಬ ವಾದಕ್ಕೆ ಕೋರ್ಟಿನಲ್ಲಿ ಬೆಲೆ ಕಡಮೆ. 'ಜಾಹೀರಾತಿನಲ್ಲಿ ಕೇಳಿದ ಐದು ವರ್ಷದ ಅನುಭವವೇ ಅವರಿಗಿಲ್ಲ, ಇಗೋ ದಾಖಲೆ' ಎಂಬ ವಾದಕ್ಕೆ ಬೆಲೆಯುಂಟು. ಬಡ್ತಿ ತಪ್ಪಿದ ನೌಕರರು ವಕೀಲರ ಹತ್ತಿರ ಹೋಗುವ ಮುನ್ನ ಹುಡುಕಬೇಕಾದದ್ದು ಯಾವ ನಿಯಮ ಮುರಿಯಿತು ಎಂಬುದನ್ನು. ಜ್ಯೇಷ್ಠತಾ ಪಟ್ಟಿ, ಮೀಸಲಾತಿಯ ಸರದಿ, ಆಯ್ಕೆ ಸಮಿತಿಯ ರಚನೆ, ಜಾಹೀರಾತಿನ ಷರತ್ತು – ತಪ್ಪು ಹೆಚ್ಚಾಗಿ ಇವುಗಳಲ್ಲೇ ಇರುತ್ತದೆ.

ಮೆಮೊ ಮತ್ತು ಅಮಾನತ್ತಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ, ಏಕೆಂದರೆ ನೌಕರರು ಹೆಚ್ಚು ಎಡವುವುದು ಇಲ್ಲಿಯೇ. ಮೆಮೊ ತಂದುಕೊಟ್ಟಾಗ 'ನಾನು ತೆಗೆದುಕೊಳ್ಳುವುದಿಲ್ಲ' ಎನ್ನುವುದು ನಮ್ಮ ಕಚೇರಿಗಳಲ್ಲಿ ಒಂದು ದೊಡ್ಡಸ್ತಿಕೆ. ಇದರಿಂದ ಏನೂ ಪ್ರಯೋಜನವಿಲ್ಲ. ನಿರಾಕರಿಸಿದ ಪತ್ರವನ್ನು ತಲುಪಿದ ಪತ್ರವೆಂದೇ ಕಾನೂನು ಎಣಿಸಬಹುದು. ತೆಗೆದುಕೊಂಡು, ಸಹಿಯ ಪಕ್ಕದಲ್ಲಿ ತಾರೀಖು ಬರೆಯುವುದೇ ಜಾಣತನ, ಗಡುವು ಎಣಿಸಲು ತಾರೀಖು ಬೇಕಾಗುತ್ತದೆ. ಉತ್ತರ ಕೊಡಲು ದಾಖಲೆಗಳು ಬೇಕಾದರೆ ಅವನ್ನು ಹೆಸರಿಸಿ, ಲಿಖಿತವಾಗಿ ಕೇಳಬೇಕು. ಉತ್ತರದಲ್ಲಿ ಮೇಲಧಿಕಾರಿಯ ಗುಣಾವಗುಣಗಳನ್ನು ವರ್ಣಿಸಬಾರದು. ಆಪಾದನೆಗೆ ಮಾತ್ರ, ಒಂದೊಂದಕ್ಕೂ ಬೇರೆಬೇರೆಯಾಗಿ ಉತ್ತರ ಬರೆದು, ಟಪಾಲು ವಿಭಾಗಕ್ಕೆ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಆ ಮೊಹರಿನ ಪ್ರತಿ ಮನೆಯಲ್ಲಿರಬೇಕು, ಕಚೇರಿಯ ಬೀರುವಿನಲ್ಲಲ್ಲ. ಅಮಾನತ್ತಾದ ದಿನ ಬೀರುವಿನ ಕೀಲಿಕೈಯನ್ನೂ ಒಪ್ಪಿಸಬೇಕಾಗುತ್ತದೆ.

ಅಮಾನತ್ತು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗಿನ ಏರ್ಪಾಡು. ಆ ಅವಧಿಯಲ್ಲಿ ಪೂರ್ಣ ಸಂಬಳ ನಿಂತರೂ ಜೀವನಾಧಾರ ಭತ್ಯೆ ಕೊಡಲೇಬೇಕು. ಅದು ಎಷ್ಟು ಮುಖ್ಯವೆಂಬುದನ್ನು ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಕರಣವೊಂದು ತೋರಿಸಿದೆ. 1985ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ಪೊಲೀಸರು ದಾಳಿ ಮಾಡಿ, ಗಣಿಯ ಚಿನ್ನ ಸಿಕ್ಕಿತೆಂದು ಮೊಕದ್ದಮೆ ಹೂಡಿದರು. ಸಂಸ್ಥೆ ಅವರನ್ನು ಅಮಾನತ್ತಿನಲ್ಲಿಟ್ಟಿತು, ಭತ್ಯೆಯನ್ನು ಮಾತ್ರ ಕೊಡಲಿಲ್ಲ. ಕೇರಳದ ತಮ್ಮ ಊರಿನಿಂದ ವಿಚಾರಣೆಗೆ ಬಂದುಹೋಗಲು ಅವರಲ್ಲಿ ಹಣವಿರಲಿಲ್ಲ. ವಿಚಾರಣೆ ಅವರ ಗೈರುಹಾಜರಿಯಲ್ಲೇ ಮುಗಿದು 1986ರಲ್ಲಿ ವಜಾ ಆದರು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟು, ಭತ್ಯೆ ಕೊಡದೆ ನಡೆಸಿದ ಆ ವಿಚಾರಣೆ ಕೆಟ್ಟಿತೆಂದೂ, ಎರಡೂ ಕಡೆ ಒಂದೇ ಸಾಕ್ಷ್ಯವಿರುವಾಗ ಬಿಡುಗಡೆಯನ್ನು ಕಡೆಗಣಿಸಲಾಗದೆಂದೂ ಹೇಳಿ, ಅವರು ಮರಳಿ ಕೆಲಸಕ್ಕೆ ಸೇರುವಂತೆ ಮಾಡಿತು. ಹದಿಮೂರು ವರ್ಷ ಹೋಯಿತು, ನಿಜ. ಹೊಟ್ಟೆಗಿಲ್ಲದವನು ತನ್ನನ್ನು ತಾನು ಸಮರ್ಥಿಸಿಕೊಳ್ಳಲಾರನೆಂಬ ಸರಳ ಮಾತನ್ನು ಒಪ್ಪಿಸಲು ಅಷ್ಟು ಕಾಲ ಬೇಕಾಯಿತು.

ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಶಿಕ್ಷೆ ವಿಧಿಸುವ ಮೊದಲೇ ನೌಕರರಿಗೆ ಕೊಡಬೇಕೆಂಬುದು 1993ರಿಂದ ಸ್ಥಿರವಾದ ನಿಯಮ. ಆಪಾದನಾ ಪಟ್ಟಿಯನ್ನೇ ಕೊಡದೆ ಮೂರು ತಿಂಗಳಿಗಿಂತ ಹೆಚ್ಚು ಅಮಾನತ್ತಿನಲ್ಲಿ ಇಡಬಾರದೆಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇವೆರಡನ್ನೂ ನೌಕರರು ಬಾಯಿಪಾಠ ಮಾಡಬೇಕು. ಜೊತೆಗೆ ಇನ್ನೊಂದು ಮಾತು. ವರ್ಷಕ್ಕೊಂದರಂತೆ ಮನವಿ ಪತ್ರ ಬರೆಯುತ್ತಾ ಹೋದರೆ ಗಡುವು ಜೀವಂತವಾಗಿರುತ್ತದೆಂದು ಅನೇಕರು ನಂಬಿದ್ದಾರೆ. ಬರೀ ಮನವಿಗಳಿಂದ ವಿಳಂಬದ ದೋಷ ತೊಲಗುವುದಿಲ್ಲವೆಂದು ಕರ್ನಾಟಕ ವಿದ್ಯುತ್ ನಿಗಮದ 2006ರ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ರಿಟ್ ಅರ್ಜಿಗೆ ಇಷ್ಟೇ ದಿನವೆಂಬ ಲೆಕ್ಕವಿಲ್ಲ, ಆದರೆ ಕಾರಣವಿಲ್ಲದೆ ತಡಮಾಡಿದವರಿಗೆ ನ್ಯಾಯಾಲಯ ಕಿವಿಗೊಡುವುದೂ ಇಲ್ಲ.

ಇನ್ನು ದಿನಗೂಲಿ, ಗುತ್ತಿಗೆ ನೌಕರರು ಮತ್ತು ಅತಿಥಿ ಉಪನ್ಯಾಸಕರು. ನಿಮಗೆ ಪಾಠ ಹೇಳುವವರಲ್ಲಿ ಎಷ್ಟು ಜನ ಈ ಗುಂಪಿನವರೆಂದು ನಿಮಗೇ ಗೊತ್ತು. ಇವರ ಹಣೆಬರಹ ಬರೆದದ್ದೂ ಕರ್ನಾಟಕದ್ದೇ ಮೊಕದ್ದಮೆ. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985–86ರ ಸುಮಾರಿಗೆ ದಿನಗೂಲಿಗೆ ಸೇರಿ ಹತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರು ಖಾಯಮಾತಿ ಕೇಳಿದರು. 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಬಹಳ ಕಾಲ ದುಡಿದೆನೆಂಬ ಒಂದೇ ಕಾರಣದಿಂದ ಖಾಯಮಾತಿಯ ಹಕ್ಕು ಹುಟ್ಟುವುದಿಲ್ಲ, ಹಾಗೆ ಮಾಡಿದರೆ ಅರ್ಜಿ ಹಾಕಿ ಸ್ಪರ್ಧಿಸಬೇಕಾದ ಬೇರೆ ನಿರುದ್ಯೋಗಿಗಳಿಗೆ ಅನ್ಯಾಯವಾಗುತ್ತದೆ ಎಂಬುದು ಅದರ ತಿರುಳು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆಯ ಬಲವಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಮಾತ್ರ ಒಂದು ಸಲದ ಕ್ರಮವಾಗಿ ಪರಿಗಣಿಸಲು ಅವಕಾಶವಿತ್ತರು.

ವಾದ ತರ್ಕಬದ್ಧವೇ. ಆದರೆ ಆ ಬಳಿಕ ನಡೆದದ್ದೇನು? ಹತ್ತು ವರ್ಷ ತುಂಬುವ ಮೊದಲೇ ಸೇವೆಗೆ ಒಂದೆರಡು ದಿನದ ತುಂಡು ಹಾಕುವುದು, ಹುದ್ದೆಯನ್ನು ಹೊರಗುತ್ತಿಗೆಗೆ ತಿರುಗಿಸುವುದು ಕಚೇರಿಗಳಲ್ಲಿ ಮಾಮೂಲಾಯಿತು. 2024ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ಕಸಗುಡಿಸಿದ, ತೋಟ ನೋಡಿಕೊಂಡ ಕೆಲವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಗುರುತಿಸಿ, ಉಮಾದೇವಿ ತೀರ್ಪನ್ನು ನಿಜವಾದ ದೀರ್ಘ ಸೇವೆಯ ವಿರುದ್ಧ ಆಯುಧವಾಗಿ ಬಳಸಬಾರದೆಂದಿತು. ಅವರ ಸೇವೆಯನ್ನು ಸಕ್ರಮಗೊಳಿಸಲು ಆದೇಶಿಸಿತು. ಸಂಬಳದ ಪ್ರಶ್ನೆ ಬೇರೆ. ಖಾಯಂ ನೌಕರರು ಮಾಡುವ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತ ಸಲ್ಲಬೇಕೆಂದು 2016ರಲ್ಲಿ, ಪಂಜಾಬಿನ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. 2025ರ ಆಗಸ್ಟಿನಲ್ಲಿ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ತಿಂಗಳಿಗೆ 30,000 ರೂಪಾಯಿಗೆ ಪಾಠ ಹೇಳುತ್ತಿದ್ದ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೂ ಇದೇ ತತ್ತ್ವ ಅನ್ವಯವಾಯಿತು. ಆದ್ದರಿಂದ ಗುತ್ತಿಗೆಯವರು ಖಾಯಮಾತಿಯ ಕನಸಿನಲ್ಲಿ ಸಂಬಳದ ಹಕ್ಕನ್ನು ಮರೆಯಬಾರದು. ಪ್ರತಿ ವರ್ಷದ ನೇಮಕ ಪತ್ರ, ವೇಳಾಪಟ್ಟಿ, ಮೌಲ್ಯಮಾಪನಕ್ಕೆ ಕರೆದ ಪತ್ರ ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟಿರಬೇಕು.

ನೌಕರರ ಹಕ್ಕುಗಳಂತೆಯೇ ಹೊಣೆಯೂ ಉಂಟು. ಹಿರಿಯಣ್ಣ ಸರ್ಕಾರಿ ನೌಕರರಲ್ಲವೆಂದೆವಷ್ಟೆ? 1988ರ ಭ್ರಷ್ಟಾಚಾರ ತಡೆ ಕಾಯಿದೆಯ ಕಣ್ಣಿಗೆ ಮಾತ್ರ ಅವರು ಪೂರ್ತಿಯಾಗಿ ಸಾರ್ವಜನಿಕ ನೌಕರರು. ಕುಲಪತಿಗಳಿಂದ ಹಿಡಿದು ಜವಾನರವರೆಗೆ, ಅಷ್ಟೇಕೆ, ಪರೀಕ್ಷೆ ನಡೆಸಲು ವಿಶ್ವವಿದ್ಯಾನಿಲಯ ಹೊರಗಿನಿಂದ ಕರೆಸಿಕೊಂಡವರೂ ಆ ಪದದೊಳಗೆ ಬರುತ್ತಾರೆ. ಅಂಕಪಟ್ಟಿ ಬೇಗ ಕೊಡಿಸಲು 'ಕಾಫಿಗೆ' ಎಂದು ಪಡೆದ ನೂರು ರೂಪಾಯಿಗೂ ಲೋಕಾಯುಕ್ತ ಪೊಲೀಸರು ಬರಬಹುದು.

ಪೊಲೀಸರು ಬೇರೆ ಕಾರಣಕ್ಕೂ ಬರುವುದುಂಟು. ಯಾರದೋ ಅಂಕಪಟ್ಟಿ ನಕಲಿಯೆಂಬ ಅನುಮಾನದಿಂದ ಮೂಲ ದಾಖಲೆ ಕೇಳುತ್ತಾರೆ. ಹೆದರಿ ರಿಜಿಸ್ಟರನ್ನು ಕೈಗೆ ಕೊಟ್ಟುಬಿಡುವುದೂ ತಪ್ಪು, ಆಗುವುದಿಲ್ಲವೆಂದು ಬಾಗಿಲು ಹಾಕಿಕೊಳ್ಳುವುದೂ ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಠಾಣಾಧಿಕಾರಿ ದಾಖಲೆಯನ್ನು ಲಿಖಿತವಾಗಿ ಕೇಳಬಹುದು. ಆ ಪತ್ರವನ್ನು ಮೇಲಧಿಕಾರಿಗಳ ಮೂಲಕ ಮೌಲ್ಯಮಾಪನ ಕುಲಸಚಿವರಿಗೆ ತಲುಪಿಸಿ, ಅವರ ಆದೇಶದಂತೆ, ಪುಟಗಳನ್ನು ಎಣಿಸಿ, ದೃಢೀಕೃತ ನಕಲು ಉಳಿಸಿಕೊಂಡು, ಸ್ವೀಕೃತಿ ಪಡೆದೇ ಮೂಲವನ್ನು ಕೊಡಬೇಕು. ನ್ಯಾಯಾಲಯದ ಸಮನ್ಸು ಬಂದರೂ ಇದೇ ಕ್ರಮ. ಸಮನ್ಸು ಎಂದರೆ ಆರೋಪಿಯೆಂದರ್ಥವಲ್ಲ, ದಾಖಲೆ ತಂದು ತೋರಿಸಲು ಕರೆದಿರಬಹುದು. ಆದರೆ ಹೋಗದಿದ್ದರೆ ವಾರಂಟು ಬರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗಳು ಇತ್ತೀಚಿನ ದಿನಗಳಲ್ಲಿ ಮೇಜಿನ ಮೇಲೆ ಹೆಚ್ಚಾಗಿ ಬಂದು ಕೂರುತ್ತವೆ. 2005ರ ಕಾಯಿದೆಯಂತೆ 30 ದಿನದೊಳಗೆ ಉತ್ತರ ಕೊಡಬೇಕು. ತಾವು ಬರೆದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗಳಿಗುಂಟೆಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಮೌಲ್ಯಮಾಪಕರ ಹೆಸರನ್ನು ಮಾತ್ರ ಕೊಡಬೇಕಾಗಿಲ್ಲ. ಈ ಕಾಯಿದೆ ನೌಕರರಿಗೂ ಆಯುಧವೇ. ಆಯ್ಕೆ ಸಮಿತಿಯ ನಡಾವಳಿ, ತಮ್ಮದೇ ಸೇವಾ ಪುಸ್ತಕದ ನಕಲು ಬೇಕಿದ್ದರೆ ಹತ್ತು ರೂಪಾಯಿಯ ಅರ್ಜಿ ಸಾಕು.

ಲೈಂಗಿಕ ಕಿರುಕುಳದ ದೂರಿನ ಬಗ್ಗೆ ಹೇಳದೆ ಮುಗಿಸಲಾಗದು. 2013ರ ಕಾಯಿದೆಯಂತೆ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಯುಜಿಸಿಯ 2015ರ ನಿಬಂಧನೆಗಳಿಂದ ವಿದ್ಯಾರ್ಥಿನಿಯರಿಗೂ ಇದೇ ಸಮಿತಿಯ ಆಸರೆ ಇದೆ. ದೂರನ್ನು ಮುಚ್ಚಿಹಾಕಿದರೆ ಎಷ್ಟು ಅನ್ಯಾಯವೋ, ಅವಸರದಲ್ಲಿ ಮುಗಿಸಿದರೂ ಅಷ್ಟೇ ಅನ್ಯಾಯ. ಗೋವಾ ವಿಶ್ವವಿದ್ಯಾನಿಲಯದ ಅಧ್ಯಾಪಕರೊಬ್ಬರ ಮೇಲೆ 2009ರಲ್ಲಿ ಬಂದ ದೂರುಗಳನ್ನು ಸಮಿತಿ ತರಾತುರಿಯಿಂದ ವಿಚಾರಿಸಿತೆಂಬ ಕಾರಣಕ್ಕೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಜಾ ಆದೇಶವನ್ನು ರದ್ದುಮಾಡಿ, ವಿಚಾರಣೆಯನ್ನು ಮತ್ತೆ ಸಮಿತಿಗೆ ಕಳಿಸಿತು. ದೂರು ಕೊಟ್ಟ ಹೆಣ್ಣುಮಕ್ಕಳ ಪಾಡೇನು? ಹದಿನಾಲ್ಕು ವರ್ಷದ ಮೇಲೆ ಪ್ರಕರಣ ಹೊರಟ ಜಾಗಕ್ಕೇ ಬಂದು ನಿಂತಿತು. ಸಮಿತಿಯ ಸದಸ್ಯರಾಗುವ ಅಧ್ಯಾಪಕರು ವಿಚಾರಣೆಯ ಕ್ರಮವನ್ನು ಕಲಿತುಕೊಂಡೇ ಕೂರಬೇಕೆನ್ನುವುದು ಇದಕ್ಕಾಗಿ.

ಇಷ್ಟೆಲ್ಲಕ್ಕೂ ವಕೀಲರ ಶುಲ್ಕ ಎಲ್ಲಿಂದ ತರುವುದು ಎಂದು ಮಂಡಿ ಮೊಹಲ್ಲಾದ ಆ ಮನೆಯ ತಮ್ಮ ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯವನ್ನು ಲೆಕ್ಕಿಸದೆ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತಾರೆ. ಕೈಗಾರಿಕಾ ಕಾರ್ಮಿಕರಿಗೂ, ನಿಗದಿತ ಮಿತಿಗಿಂತ ಆದಾಯ ಕಡಮೆಯಿರುವ ಇತರರಿಗೂ ಈ ನೆರವುಂಟು. ಮೈಸೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇದೆ. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು. ಹೋಗುವಾಗ ತೆಗೆದುಹಾಕಿದ ಪತ್ರವನ್ನೂ, ಅದು ಬಂದ ಲಕೋಟೆಯನ್ನೂ ಒಯ್ಯಬೇಕು. ಲಕೋಟೆಯ ಮೇಲಿನ ಅಂಚೆ ಮೊಹರಿನ ತಾರೀಖನ್ನು ಅವರು ಮೊದಲು ಕೇಳುತ್ತಾರೆ.